ಬೋನ್ಸಾಯ್ ರೀಪಾಟಿಂಗ್: ಬೇರು, ಮಣ್ಣು, ಕುಂಡದ ಸಮಗ್ರ ಮಾರ್ಗದರ್ಶಿ

ನೀರು ಸರಿಯಾಗಿ ಹಾಕುತ್ತಿದ್ದೀರಿ, ಬಿಸಿಲು ಸಿಗುತ್ತಿದೆ, ಗೊಬ್ಬರಕ್ಕೂ ಕೊರತೆಯಿಲ್ಲ. ಆದರೂ ಗಿಡ ಚಿಗುರದೆ ಮಂಕಾಗಿ ಕೂತಿದೆ. ಬೋನ್ಸಾಯ್ ಬೆಳೆಸುವವರಿಗೆ ಇದು ಹೊಸದೇನಲ್ಲ. ಬಹಳಷ್ಟು ಸಲ ಇದಕ್ಕೆ ಕಾರಣ ಎಲೆಯಲ್ಲಿ, ಕೊಂಬೆಯಲ್ಲಿ ಸಿಗುವುದಿಲ್ಲ. ಕುಂಡದೊಳಗೆ ಬೇರಿಗೆ ಉಸಿರಾಡಲು ಜಾಗವೇ ಉಳಿದಿರುವುದಿಲ್ಲ.

ರೀಪಾಟಿಂಗ್ ಅಂದರೆ ಗಿಡವನ್ನು ದೊಡ್ಡ ಕುಂಡಕ್ಕೆ ಹಾಕುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಬೋನ್ಸಾಯ್‌ನಲ್ಲಿ ಹಾಗಲ್ಲ. ಎಷ್ಟೋ ಸಲ ಅದೇ ಮರ ಅದೇ ಕುಂಡಕ್ಕೆ ವಾಪಸ್ ಹೋಗುತ್ತದೆ. ಹಳೇ ಮಣ್ಣು ಹೋಗಿ ಹೊಸದು ಬರುತ್ತದೆ, ಮುದಿ ಬೇರು ಹೋಗಿ ಎಳೆ ಬೇರು ಬರುತ್ತದೆ. ವಾಷಿಂಗ್ಟನ್‌ನ ನ್ಯಾಷನಲ್ ಬೋನ್ಸಾಯ್ ಅಂಡ್ ಪೆಂಜಿಂಗ್ ಮ್ಯೂಸಿಯಂನಲ್ಲಿ ಒಂದು ಜಪಾನಿ ಬಿಳಿ ಪೈನ್ ಇದೆ. 1625ರಿಂದ ಬೋನ್ಸಾಯ್ ಆಗಿ ಬೆಳೆಯುತ್ತಿರುವ ಮರ ಅದು. 1945ರ ಹಿರೋಷಿಮಾ ಬಾಂಬ್ ದಾಳಿಯಲ್ಲೂ ಉಳಿದುಕೊಂಡಿತು, 1976ರಲ್ಲಿ ಅಮೆರಿಕಕ್ಕೆ ಉಡುಗೊರೆಯಾಗಿ ಹೋಯಿತು. ಅಷ್ಟು ವರ್ಷ ಕುಂಡದಲ್ಲೇ ಬದುಕಿದ್ದು ಹೇಗೆ? ತಲೆಮಾರುಗಳಿಂದ ಯಾರೋ ಒಬ್ಬರು ಅದರ ಬೇರನ್ನು ಆಗಾಗ ಬಿಡಿಸಿ, ಕತ್ತರಿಸಿ, ಹೊಸ ಮಣ್ಣಿನಲ್ಲಿ ಕೂರಿಸುತ್ತಾ ಬಂದಿದ್ದಾರೆ.

ಕುಂಡದೊಳಗೆ ಏನಾಗುತ್ತದೆ

ಮರಕ್ಕೆ ನೀರು ಹೀರಿ ಕೊಡುವುದು ದಪ್ಪ ಬೇರಲ್ಲ. ಅದು ಮರವನ್ನು ಹಿಡಿದು ನಿಲ್ಲಿಸುತ್ತದೆ, ಕೂಡಿಟ್ಟ ಆಹಾರವನ್ನು ಇಟ್ಟುಕೊಳ್ಳುತ್ತದೆ, ಬಂದ ನೀರನ್ನು ಮೇಲಕ್ಕೆ ಸಾಗಿಸುತ್ತದೆ ಅಷ್ಟೇ. ನೀರು, ಪೋಷಕಾಂಶ ಹೀರುವ ಕೆಲಸವೆಲ್ಲ ಕೂದಲಿನಷ್ಟು ತೆಳ್ಳಗಿರುವ ತುದಿ ಬೇರಿನದು. ಈ ತುದಿಗಳಿಗೆ ನೀರಿನಷ್ಟೇ ಆಮ್ಲಜನಕವೂ ಬೇಕು.

ಹೊಸ ಮಿಶ್ರಣದಲ್ಲಿ ಕಣಗಳ ನಡುವೆ ಸಂದುಗಳಿರುತ್ತವೆ. ನೀರು ಹಾಕಿದಾಗ ಹಳೇ ಗಾಳಿ ಹೊರಗೆ ಹೋಗಿ, ನೀರು ಇಳಿದ ಮೇಲೆ ಹೊಸ ಗಾಳಿ ಒಳಗೆ ಬರುತ್ತದೆ. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಎರಡು ಬದಲಾವಣೆ ಆಗಿರುತ್ತದೆ. ಒಂದು, ಬೇರು ಆ ಸಂದುಗಳನ್ನೆಲ್ಲ ತುಂಬಿಕೊಂಡಿರುತ್ತದೆ. ಇನ್ನೊಂದು, ಕಣಗಳು ಪುಡಿಯಾಗಿ ಕೆಸರಾಗಿರುತ್ತವೆ. ಆಮೇಲೆ ನೀರು ಹಾಕಿದರೆ ಒಂದೋ ಒಳಗೆ ಇಳಿಯುವುದೇ ಇಲ್ಲ, ಇಲ್ಲಾ ಇಳಿದದ್ದು ಹೊರಗೆ ಬರುವುದಿಲ್ಲ.

ತೆಳು ಕುಂಡದಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಯಾಕೆ ಅಂತ ನೋಡಲು ಒಂದು ಸ್ಪಂಜು ಸಾಕು. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ, ಅಡ್ಡಲಾಗಿ ಹಿಡಿಯಿರಿ. ಸ್ವಲ್ಪ ಹೊತ್ತು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಹಿಂಡಬೇಡಿ, ಸುಮ್ನೆ ಅದನ್ನು ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ಬದಲಾದದ್ದು ಎತ್ತರ ಮಾತ್ರ. ಕುಂಡದ ತಳದಲ್ಲೂ ಹೀಗೇ, ಇಳಿಯದೆ ನಿಂತ ನೀರಿನ ಒಂದು ಪದರ ಇದ್ದೇ ಇರುತ್ತದೆ. ಅದೇ ಮಣ್ಣಾದರೆ ಕುಂಡ ಆಳವಿರಲಿ, ತೆಳುವಿರಲಿ, ಆ ಪದರದ ದಪ್ಪ ಒಂದೇ. ಆಳದ ಕುಂಡದಲ್ಲಿ ಅದು ತಳದ ಸ್ವಲ್ಪ ಭಾಗ. ಬೋನ್ಸಾಯ್ ಟ್ರೇಯಲ್ಲಿ ಅರ್ಧಕ್ಕರ್ಧ ಬೇರು ಅದರಲ್ಲೇ ಮುಳುಗಿರುತ್ತದೆ. ಬೋನ್ಸಾಯ್‌ಗೆ ದಪ್ಪ ಕಣದ ಮಣ್ಣೇ ಬೇಕು ಅನ್ನುವುದು ಇದಕ್ಕೇ. ಕಣ ದಪ್ಪಗಾದಷ್ಟೂ ಆ ನೀರಿನ ಪದರ ತೆಳ್ಳಗಾಗುತ್ತದೆ.

ಈಗ ಮಾಡಬೇಕಾ, ಬೇಡವಾ?

ಎಳೆಯ, ಬೇಗ ಬೆಳೆಯುವ ಮರಕ್ಕೆ ಒಂದೆರಡು ವರ್ಷಕ್ಕೊಮ್ಮೆ, ಪ್ರಾಯದ ಮರಕ್ಕೆ ಮೂರರಿಂದ ಐದು ವರ್ಷಕ್ಕೊಮ್ಮೆ, ಹಳೇ ಪೈನ್‌ಗೆ ಇನ್ನೂ ತಡವಾಗಿ ಅಂತ ಒಂದು ಲೆಕ್ಕ ಇದೆ. ಅಂದಾಜಿಗೆ ಇರಲಿ. ನಿರ್ಧಾರ ಮಾತ್ರ ಕ್ಯಾಲೆಂಡರ್ ನೋಡಿ ಮಾಡಬೇಡಿ, ಬೇರು ನೋಡಿ ಮಾಡಿ.

ಮೊದಲು ನೀರನ್ನು ಗಮನಿಸಿ. ಮೇಲೆ ಹಾಕಿದ ನೀರು ಕೆರೆಯಂತೆ ನಿಂತು ನಿಧಾನಕ್ಕೆ ಇಂಗುತ್ತಿದೆಯಾ? ಬೆಳಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೇ ಒಣಗುತ್ತಿದೆಯಾ? ಎರಡೂ ಬೇರು ತುಂಬಿಕೊಂಡ ಸೂಚನೆಯೇ. ಇನ್ನು ಕೆಲವು ಮರಗಳು ಕುಂಡದ ಅಂಚಿಗಿಂತ ಮೇಲಕ್ಕೆ ಎದ್ದಿರುತ್ತವೆ. ತಳದಲ್ಲಿ ಬೇರು ಬೆಳೆದು, ಬೇರು ಮಣ್ಣು ಸೇರಿದ ಇಡೀ ಗಡ್ಡೆಯನ್ನೇ ಮೇಲಕ್ಕೆ ತಳ್ಳಿರುತ್ತದೆ.

ಅನುಮಾನ ಇದ್ದರೆ ಮರವನ್ನು ಎತ್ತಿಯೇ ನೋಡಿ. ಮರವನ್ನು ಕುಂಡಕ್ಕೆ ಬಿಗಿದಿರುವ ಕಟ್ಟು ತಂತಿ ಬಿಡಿಸಿ, ಬುಡ ಹಿಡಿದು ಗಡ್ಡೆಯನ್ನು ಇಡಿಯಾಗಿ ಎತ್ತಿದರೆ ಮರಕ್ಕೇನೂ ಆಗುವುದಿಲ್ಲ. ಗೋಡೆಗುಂಟ ಬೇರು ಸುತ್ತು ಸುತ್ತಿ ಚಾಪೆ ಹೆಣೆದುಕೊಂಡಿದ್ದರೆ ಸಮಯ ಬಂದಿದೆ. ಮಣ್ಣಿನ ಕಣ ಇನ್ನೂ ಕಾಣುತ್ತಿದ್ದು, ಅಲ್ಲಲ್ಲಿ ಬಿಳಿ ಬೇರಿನ ತುದಿ ಇಣುಕುತ್ತಿದ್ದರೆ ಹಾಗೇ ವಾಪಸ್ ಇಟ್ಟು, ಮತ್ತೆ ಕಟ್ಟಿ, ಮುಂದಿನ ವರ್ಷ ನೋಡಿ. ಬೇಡದ ಮರಕ್ಕೆ ರೀಪಾಟ್ ಮಾಡುವುದೂ ತಪ್ಪೇ. ಬೇರು ಕತ್ತರಿಸಿದಾಗಲೆಲ್ಲ ಮರ ತನ್ನ ಉಳಿತಾಯವನ್ನು ಖರ್ಚು ಮಾಡಿ ಚೇತರಿಸಿಕೊಳ್ಳಬೇಕು.

ಕಾಯಿಲೆ ಬಿದ್ದ ಮರಕ್ಕೂ ಇದೇ ಮಾತು. ಎಲೆ ಹಳದಿಯಾಯಿತು ಅಂತ ತಕ್ಷಣ ಬೇರಿಗೆ ಕೈ ಹಾಕಬೇಡಿ. ಬೇರು ಕೊಳೆತಿದ್ದರೆ ಮಾತ್ರ ಅದು ಬೇರೆ ವಿಷಯ. ಅದನ್ನು ಕೊನೆಗೆ ಹೇಳುತ್ತೇನೆ.

ಯಾವಾಗ ಮಾಡಬೇಕು

ಇಲ್ಲಿ ಮರದ ಜಾತಿ ಮುಖ್ಯ.

ಚಳಿಗಾಲದಲ್ಲಿ ಎಲೆ ಉದುರಿಸುವ ಮೇಪಲ್, ಎಲ್ಮ್ ಥರದ ಮರಗಳಿಗೆ ವಸಂತದ ಶುರುವೇ ಸರಿ. ಮೊಗ್ಗು ಉಬ್ಬಿರಬೇಕು, ಒಡೆದಿರಬಾರದು. ಆ ಹೊತ್ತಿಗೆ ಮರ ಆಹಾರ ಕೂಡಿಟ್ಟುಕೊಂಡಿರುತ್ತದೆ, ಆದರೆ ನೀರು ಕೇಳುವ ಎಲೆ ಇನ್ನೂ ಬಂದಿರುವುದಿಲ್ಲ. ಬೇರು ಕತ್ತರಿಸಿದರೂ ಮೇಲಿನಿಂದ ಒತ್ತಡ ಇರುವುದಿಲ್ಲ. ಎಲೆ ಬಿಚ್ಚಿದ ಮೇಲೆ ಮಾಡಿದರೆ ಎಳೆ ಎಲೆ ನೀರು ಕೇಳುತ್ತದೆ, ಕೊಡಲು ಬೇರು ಇರುವುದಿಲ್ಲ.

ಪೈನ್, ಜೂನಿಪರ್ ಥರದ ಸೂಜಿ ಎಲೆ ಮರಗಳಿಗೂ ವಸಂತದ ಶುರುವೇ ಒಳ್ಳೆಯದು. ಇವು ನಿಧಾನದ ಮರಗಳು, ಅವಸರ ಸಹಿಸುವುದಿಲ್ಲ.

ಆಲ, ಅರಳಿ, ಅತ್ತಿ, ಜಿನ್‌ಸೆಂಗ್ ಫೈಕಸ್ ಥರದ ಬಿಸಿ ನಾಡಿನ ಮರಗಳ ಲೆಕ್ಕವೇ ಬೇರೆ. ಇವಕ್ಕೆ ಚಳಿಗಾಲದ ನಿದ್ದೆ ಇಲ್ಲ. ಬೇರು ಬೇಗ ಬರಬೇಕಾದರೆ ಬೆಚ್ಚಗಿರಬೇಕು, ಮರ ಜೋರಾಗಿ ಬೆಳೆಯುತ್ತಿರಬೇಕು. ರಾತ್ರಿ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದ ದಿನಗಳನ್ನು ಆರಿಸಿಕೊಳ್ಳಿ. ಗಾಳಿಯಲ್ಲಿ ತೇವ ಇದ್ದರೆ ಇನ್ನೂ ಒಳ್ಳೆಯದು. ಬಿಸಿಗಾಳಿ ಬೀಸುವ ಕಡು ಬೇಸಿಗೆ ಮಾತ್ರ ಬೇಡ. ಹೂವಿಗಾಗಿ ಬೆಳೆಸುವ ಅಜೇಲಿಯಾ ಥರದವನ್ನು ಹೂ ಮುಗಿದ ಮೇಲೆ ಮಾಡುವುದು ವಾಡಿಕೆ.

ಮಣ್ಣಿನ ಮಿಶ್ರಣ

ತೋಟದ ಮಣ್ಣು ಬೇಡ. ಬರೀ ಕೋಕೋಪೀಟ್ ಬೇಡ. ಕಾಂಪೋಸ್ಟ್ ತುಂಬಿದ ಫಲವತ್ತಾದ ಮಿಶ್ರಣವೂ ಬೇಡ. ಮಣ್ಣು ಫಲವತ್ತಾಗಿರಬೇಕು ಅನ್ನುವ ನಂಬಿಕೆ ನಮಗೆ ಎಷ್ಟು ಗಟ್ಟಿ ಅಂದರೆ, ಬೋನ್ಸಾಯ್ ಮಿಶ್ರಣ ನೋಡಿದವರು ಇದೇನು ಜಲ್ಲಿ ಅಂತ ಕೇಳುತ್ತಾರೆ. ಜಲ್ಲಿಯೇ ಸರಿ. ಊಟ ಗೊಬ್ಬರದಿಂದ ಕೊಡಬಹುದು, ಗಾಳಿಯನ್ನು ಆಮೇಲೆ ತುಂಬಲು ಆಗುವುದಿಲ್ಲ.

ಜಪಾನಿನ ಅಕಾಡಾಮಾ ಅನ್ನುವ ಜೇಡಿ ಕಣ, ಪ್ಯೂಮಿಸ್ ಅನ್ನುವ ಹಗುರ ಜ್ವಾಲಾಮುಖಿ ಕಲ್ಲು, ಲಾವಾ ಕಲ್ಲು, ಈ ಮೂರರ ಮಿಶ್ರಣ ಬೋನ್ಸಾಯ್ ಲೋಕದಲ್ಲಿ ಹೆಚ್ಚು ಬಳಕೆಯಲ್ಲಿದೆ. ಅಕಾಡಾಮಾ ನೀರು ಹಿಡಿಯುತ್ತದೆ, ಒಣಗಿದಾಗ ಬಣ್ಣ ತಿಳಿಯಾಗಿ ನೀರು ಬೇಕು ಅಂತ ತೋರಿಸಿಕೊಡುತ್ತದೆ. ಪ್ಯೂಮಿಸ್ ನೀರನ್ನೂ ಹಿಡಿಯುತ್ತದೆ, ಗಾಳಿಯನ್ನೂ ಹಿಡಿಯುತ್ತದೆ. ಲಾವಾ ಪುಡಿಯಾಗುವುದಿಲ್ಲ. ಸೂಜಿ ಎಲೆ ಮರಕ್ಕೆ ಮೂರನ್ನೂ ಸಮ ಹಾಕಿ. ಅಗಲ ಎಲೆಯ ಮರಕ್ಕೆ ಅಕಾಡಾಮಾ ಎರಡು ಪಾಲು, ಉಳಿದವು ಒಂದೊಂದು ಪಾಲು.

ಇವು ಸಿಗದಿದ್ದರೆ ಚಿಂತೆಯಿಲ್ಲ. ಚೆನ್ನಾಗಿ ಸುಟ್ಟ ಇಟ್ಟಿಗೆ ಚೂರು, ದಪ್ಪ ಹೊಳೆ ಮರಳು, ಒಡೆದ ಲೆಕಾ ಉಂಡೆ (ಸುಟ್ಟು ಉಬ್ಬಿಸಿದ ಜೇಡಿ), ಸ್ವಲ್ಪ ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಬಿಳಿ ಕಣ), ಇವೂ ಆಗುತ್ತವೆ. ನೀರು ಹಿಡಿಯಲು ಐದನೇ ಒಂದು ಪಾಲಿನಷ್ಟು ಕೊಳೆಸಿದ ತೊಗಟೆ ಚೂರು ಅಥವಾ ತೊಳೆದ ತೆಂಗಿನ ಸಿಪ್ಪೆ ಚೂರು ಸೇರಿಸಬಹುದು. ಇಟ್ಟಿಗೆ ಬಳಸುವ ಮೊದಲು ನಾಲ್ಕು ಚೂರನ್ನು ಒಂದು ರಾತ್ರಿ ನೀರಲ್ಲಿ ಹಾಕಿಡಿ. ಬೆಳಗ್ಗೆ ಬೆರಳಲ್ಲಿ ಒತ್ತಿದರೆ ಕರಗಿ ಕೆಸರಾಯಿತಾ? ಆ ಇಟ್ಟಿಗೆ ಬೇಡ. ಸಮುದ್ರದ ಮರಳಂತೂ ಬೇಡವೇ ಬೇಡ, ಉಪ್ಪಿರುತ್ತದೆ.

ಯಾವುದನ್ನೇ ಬಳಸಿ, ಜರಡಿ ಹಿಡಿಯುವುದನ್ನು ಬಿಡಬೇಡಿ. ಬೇಸರದ ಕೆಲಸ, ಧೂಳು ಬೇರೆ, ಮಾಸ್ಕ್ ಹಾಕಿಕೊಳ್ಳಿ. ಮಧ್ಯಮ ಗಾತ್ರದ ಮರಕ್ಕೆ ಎರಡರಿಂದ ಆರು ಮಿಲಿಮೀಟರ್ ಕಣ ಸಾಕು. ಅಂಗೈಯಲ್ಲಿ ಕೂರುವ ಪುಟ್ಟ ಮರಕ್ಕೆ ಇನ್ನೂ ಸಣ್ಣದು. ಎರಡು ಮಿಲಿಮೀಟರ್‌ಗಿಂತ ಸಣ್ಣದಾದ ಪುಡಿಯನ್ನೆಲ್ಲ ತೆಗೆದುಹಾಕಿ. ಅದೇ ಪುಡಿ ಕೆಳಗಿಳಿದು ತಳ ಕಟ್ಟಿಕೊಳ್ಳುವುದು. ಒಳ್ಳೇ ಮಿಶ್ರಣ ಮಾಡಿ ಜರಡಿ ಹಿಡಿಯದವರಿಗಿಂತ, ಸಾಧಾರಣ ಮಿಶ್ರಣವನ್ನು ಸರಿಯಾಗಿ ಜರಡಿ ಹಿಡಿದವರ ಮರಗಳೇ ಚೆನ್ನಾಗಿರುತ್ತವೆ.

ತಳಕ್ಕೆ ದಪ್ಪ ಕಲ್ಲಿನ ಪದರ ಹಾಕಬೇಕಾ? ಕೆಲವರು ಹಾಕುತ್ತಾರೆ. ನನಗೆ ಅದು ಇಷ್ಟವಿಲ್ಲ. ಸಣ್ಣ ಕಣದ ಪದರ ಪೂರ್ತಿ ನೆನೆಯುವ ತನಕ ನೀರು ದಪ್ಪ ಕಲ್ಲಿಗೆ ಇಳಿಯುವುದಿಲ್ಲ, ಎರಡೂ ಸೇರುವ ಜಾಗದಲ್ಲೇ ತಡೆದು ನಿಲ್ಲುತ್ತದೆ. ಮೊದಲೇ ತೆಳುವಾದ ಕುಂಡದಲ್ಲಿ ಇದ್ದ ಜಾಗವೂ ಹೋಯಿತು. ಮೇಲಿಂದ ಕೆಳಗಿನವರೆಗೆ ಒಂದೇ ಮಿಶ್ರಣ ಹಾಕುವುದು ಮೇಲು.

ಕುಂಡ ಸಿದ್ಧ ಮಾಡಿಕೊಳ್ಳುವುದು

ಹೊಸ ಕುಂಡ ಕೊಳ್ಳುವುದಾದರೆ ಸಾಮಾನ್ಯ ಅಳತೆ ಹೀಗಿದೆ: ಉದ್ದ ಮರದ ಎತ್ತರದ ಮೂರನೇ ಎರಡರಷ್ಟು, ಆಳ ಬುಡದ ದಪ್ಪದಷ್ಟು. ಇದು ನೋಟದ ನಿಯಮ. ಇನ್ನೂ ಬುಡ ದಪ್ಪಗಾಗಬೇಕಾದ ಎಳೆ ಮರವನ್ನು ತೆಳು ಟ್ರೇಗೆ ಹಾಕುವ ಅವಸರ ಬೇಡ. ದೊಡ್ಡ ತೂತು ಇರಲೇಬೇಕು. ತಳ ನೆಲಕ್ಕೆ ತಾಗದಂತೆ ಕಾಲಿರಬೇಕು. ಪೈನ್, ಜೂನಿಪರ್‌ಗೆ ಹೊಳಪಿಲ್ಲದ ಕಂದು ಕುಂಡ, ಹೂ ಹಣ್ಣಿನ ಮರಕ್ಕೆ ಬಣ್ಣದ ಹೊಳಪು ಕುಂಡ ಅನ್ನುವುದು ಸಂಪ್ರದಾಯ. ನಿಮಗಿಷ್ಟವಾದದ್ದು ಹಾಕಿ, ಮರ ಬೇಸರ ಮಾಡಿಕೊಳ್ಳುವುದಿಲ್ಲ.

ಮರವನ್ನು ಎತ್ತುವ ಮೊದಲೇ ಕುಂಡ ತಯಾರಿರಲಿ. ಬೇರು ಗಾಳಿಗೆ ಬಿಟ್ಟ ಮೇಲೆ ತಂತಿ ಹುಡುಕುತ್ತಾ ಓಡಾಡುವಂತಾಗಬಾರದು. ಪ್ರತಿ ತೂತಿನ ಮೇಲೆ ಪ್ಲಾಸ್ಟಿಕ್ ಜಾಲರಿ ಇಟ್ಟು, ತಂತಿಯ ತುಂಡಿನಿಂದ ಕೆಳಗಡೆ ಮಡಚಿ ಭದ್ರ ಮಾಡಿ. ಸುಮ್ನೆ ಇಟ್ಟ ಜಾಲರಿ ಮಣ್ಣು ಹಾಕುವಾಗ ಸರಿದುಹೋಗುತ್ತದೆ. ಆಮೇಲೆ ಕಟ್ಟು ತಂತಿ. ಎರಡು ಮಿಲಿಮೀಟರ್ ಆಸುಪಾಸಿನ ಅಲ್ಯೂಮಿನಿಯಂ ತಂತಿಯನ್ನು ತಳದ ತೂತುಗಳ ಮೂಲಕ ಕೆಳಗಿಂದ ಮೇಲಕ್ಕೆ ತಂದು, ನಾಲ್ಕು ತುದಿಗಳನ್ನು ಅಂಚಿನ ಹೊರಗೆ ಬಗ್ಗಿಸಿಡಿ. ತಳದಲ್ಲಿ ತೆಳುವಾಗಿ ಮಿಶ್ರಣ ಹರಡಿ, ಮರ ಕೂರುವ ಜಾಗದಲ್ಲಿ ಸಣ್ಣ ಗುಡ್ಡೆ ಮಾಡಿ.

ಚೂಪಾದ ಕತ್ತರಿ, ದಪ್ಪ ಬೇರಿಗೆ ಸಣ್ಣ ಗರಗಸ, ಬೇರು ಬಿಡಿಸಲು ಒಂದು ಕೊಕ್ಕೆ, ಬಿದಿರು ಕಡ್ಡಿ, ಇಕ್ಕಳ, ನೀರು ತುಂಬಿದ ಸ್ಪ್ರೇ ಬಾಟಲಿ. ಇಷ್ಟಿದ್ದರೆ ಸಾಕು. ಕತ್ತರಿಸುವ ಸಾಮಾನನ್ನು 70 ಶೇಕಡಾ ಆಲ್ಕೋಹಾಲ್‌ನಿಂದ ಒರೆಸಿ, ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗಲೂ ಒರೆಸಿ.

ಬೇರಿನ ಕೆಲಸ

ನೆರಳಿನಲ್ಲಿ, ಗಾಳಿ ಬೀಸದ ಕಡೆ ಕೂತು ಮಾಡಿ. ಹಿಂದಿನ ದಿನ ನೀರು ಹಾಕಿದ್ದರೆ ಮಣ್ಣು ಅರೆ ಒಣಗಿ, ಬಿಡಿಸಲು ಹದವಾಗಿರುತ್ತದೆ. ಕೆಸರಾಗಿದ್ದರೆ ಬೇರು ಹರಿಯುತ್ತದೆ, ಪೂರ್ತಿ ಒಣಗಿದ್ದರೆ ಮುರಿಯುತ್ತದೆ.

ಕುಂಡದ ಕೆಳಗಿರುವ ಹಳೇ ತಂತಿಗಳನ್ನು ಕತ್ತರಿಸಿ. ಹಳೇ ಚಾಕುವನ್ನು ಅಂಚಿನ ಸುತ್ತ ಇಳಿಸಿ ಒಂದು ಸುತ್ತು ತನ್ನಿ. ಆಮೇಲೆ ಬುಡ ಹಿಡಿದು ಆ ಕಡೆ ಈ ಕಡೆ ವಾಲಿಸಿ ಎತ್ತಿ. ಬರದಿದ್ದರೆ ತಳದ ತೂತಿನಿಂದ ಕಡ್ಡಿಯಲ್ಲಿ ದೂಡಿ. ಕೊಂಬೆ ಹಿಡಿದು ಜಗ್ಗಬೇಡಿ.

ಈಗ ಗಡ್ಡೆ ನಿಮ್ಮ ಮುಂದಿದೆ. ಕತ್ತರಿಯನ್ನು ಪಕ್ಕಕ್ಕಿಡಿ. ಮೊದಲು ಬಿಡಿಸುವುದು, ಆಮೇಲೆ ಕತ್ತರಿಸುವುದು. ಅಂಚಿನಿಂದ ಶುರು ಮಾಡಿ. ಕೊಕ್ಕೆಯನ್ನು ಬುಡದ ಕಡೆಯಿಂದ ಹೊರಕ್ಕೆ ಎಳೆಯಿರಿ, ಸುತ್ತಿಕೊಂಡ ಬೇರು ಒಂದೊಂದಾಗಿ ನೇರವಾಗಿ ಜೋತುಬೀಳುತ್ತದೆ. ಅಡ್ಡಡ್ಡ ಎಳೆದರೆ ಹರಿಯುತ್ತದೆ. ಬದಿ ಆದ ಮೇಲೆ ತಳ. ತಳದ ಚಾಪೆ ಗಟ್ಟಿಯಾಗಿದ್ದರೆ ಕೊಕ್ಕೆಯ ಜೊತೆ ಗುದ್ದಾಡಬೇಡಿ, ಗರಗಸದಿಂದ ಅದನ್ನು ತೆಳ್ಳಗೆ ಕೊಯ್ದು ತೆಗೆಯಿರಿ. ಎರಡು ಮೂರು ನಿಮಿಷಕ್ಕೊಮ್ಮೆ ಸ್ಪ್ರೇ ಮಾಡುತ್ತಿರಿ. ತುದಿ ಬೇರು ಬಿಸಿಲು ಗಾಳಿಗೆ ಕೆಲವೇ ನಿಮಿಷದಲ್ಲಿ ಒಣಗಿ ಸಾಯುತ್ತದೆ.

ಮೇಲ್ಭಾಗವನ್ನೂ ಮರೆಯಬೇಡಿ. ಬುಡದ ಸುತ್ತ ಹಳೇ ಮಣ್ಣು ಕೆರೆದರೆ, ಮರ ನೆಲ ಹಿಡಿದು ನಿಂತಂತೆ ಕಾಣಿಸುವ ಮೇಲ್ಬೇರುಗಳು ಸಿಗುತ್ತವೆ. ಜಪಾನಿನಲ್ಲಿ ಇದನ್ನು ನೆಬಾರಿ ಅನ್ನುತ್ತಾರೆ. ಅದರ ಮೇಲೆ ಹಾದುಹೋದ ಅಡ್ಡ ಬೇರು, ಬುಡಕ್ಕೆ ಉರುಳಿನಂತೆ ಸುತ್ತಿದ ಬೇರು ಇದ್ದರೆ ಈಗಲೇ ತೆಗೆಯಿರಿ. ಮುಂದೆ ಅದು ದಪ್ಪಗಾಗಿ ಬುಡವನ್ನೇ ಹಿಸುಕುತ್ತದೆ.

ಕತ್ತರಿಸುವಾಗ ಮೊದಲು ದಪ್ಪನೆಯವನ್ನು, ನೇರ ಕೆಳಕ್ಕೆ ಇಳಿದವನ್ನು ನೋಡಿ. ತಾಯಿ ಬೇರು ಟ್ರೇಯಲ್ಲಿ ಬೇಡದ ಅತಿಥಿ. ಅದನ್ನು ಗಿಡ್ಡ ಮಾಡಿದಷ್ಟೂ ಬುಡದ ಸುತ್ತ ಸಣ್ಣ ಬೇರು ಬರುತ್ತದೆ. ಆದರೆ ಅದೇ ದಪ್ಪ ಬೇರಿನ ತುದಿಯಲ್ಲೇ ಮರದ ಸಣ್ಣ ಬೇರೆಲ್ಲ ಇದ್ದರೆ ಒಂದೇ ಸಲಕ್ಕೆ ತೆಗೆಯಬೇಡಿ. ಈ ಸಲ ಅರ್ಧ ಗಿಡ್ಡ ಮಾಡಿ, ಮುಂದಿನ ರೀಪಾಟಿಂಗ್‌ನಲ್ಲಿ ಉಳಿದದ್ದು. ಕೊಯ್ತ ಚೊಕ್ಕಟವಾಗಿರಲಿ, ಜಜ್ಜಿದಂತೆ ಬೇಡ. ಕೊಯ್ದ ಮುಖ ಕೆಳಕ್ಕಿರಲಿ. ಕೊನೆಗೆ ಜೋತಾಡುವ ಸಣ್ಣ ಬೇರನ್ನು ಗಡ್ಡೆಯ ಸುತ್ತ ಸಮ ಮಾಡಿ. ಕುಂಡದ ಗೋಡೆಗೂ ಬೇರಿಗೂ ನಡುವೆ ಒಂದೂವರೆ, ಎರಡು ಸೆಂಟಿಮೀಟರ್ ಹೊಸ ಮಣ್ಣು ಹಿಡಿಯುವಷ್ಟು ಜಾಗ ಸಿಗಬೇಕು.

ಎಷ್ಟು ಕತ್ತರಿಸಬಹುದು? ಸಾಮಾನ್ಯವಾಗಿ ಮೂರನೇ ಒಂದು ಪಾಲು ಅಂತಾರೆ. ಆರೋಗ್ಯವಾಗಿರುವ ಫೈಕಸ್, ಎಲ್ಮ್ ಅರ್ಧದವರೆಗೂ ತಡೆಯುತ್ತವೆ. ಫೈಕಸ್ ಕೊಯ್ದಾಗ ಬಿಳಿ ಹಾಲು ಬರುತ್ತದೆ, ನೀರು ಸ್ಪ್ರೇ ಮಾಡಿದರೆ ನಿಲ್ಲುತ್ತದೆ. ಕೆಲವರ ಚರ್ಮಕ್ಕೆ ಆ ಹಾಲು ಆಗುವುದಿಲ್ಲ, ಕೈಗವಸು ಹಾಕಿ. ಬೋಗನ್‌ವಿಲ್ಲಾ ನೋಡಲು ಗಟ್ಟಿ, ಬೇರು ಮಾತ್ರ ತೀರಾ ನಾಜೂಕು. ಅದರ ಗಡ್ಡೆಯನ್ನು ಜಾಸ್ತಿ ಕೆದಕಬೇಡಿ.

ಪೈನ್, ಜೂನಿಪರ್ ಬಂದಾಗ ಕೈ ಬಿಗಿ ಹಿಡಿಯಿರಿ. ಇವುಗಳ ಮಣ್ಣನ್ನು ಪೂರ್ತಿ ತೊಳೆದು ಬೇರನ್ನು ಬೆತ್ತಲೆ ಮಾಡಬಾರದು. ಪೈನ್ ಗಡ್ಡೆಯಲ್ಲಿ ಬಿಳಿ ನೂಲಿನಂಥ ಶಿಲೀಂಧ್ರ ಕಾಣಿಸಿದರೆ ಗಾಬರಿ ಬೇಡ. ಅದು ಬೇರಿನ ಜೊತೆ ಸೇರಿ ನೀರು, ರಂಜಕ ಹೀರಲು ನೆರವಾಗುವ ಜೊತೆಗಾರ. ಸ್ವಲ್ಪ ಹಳೇ ಮಣ್ಣನ್ನು ಅದರ ಸಮೇತ ಉಳಿಸಿ. ನೂಲಿನ ಬದಲು ಹತ್ತಿಯಂಥ ಮೇಣದ ಮುದ್ದೆಗಳು ಕಂಡು, ಒತ್ತಿದರೆ ಸಣ್ಣ ಹುಳು ಸಿಕ್ಕಿದರೆ ಅದು ಹಿಟ್ಟುತಿಗಣೆ. ಅದು ಇರುವ ಮಣ್ಣನ್ನು ತೆಗೆದು ದೂರ ಎಸೆಯಿರಿ.

ಸೂಜಿ ಎಲೆ ಮರಗಳ ಬುಡದಡಿಯ ಹಳೇ ಮಣ್ಣು ವರ್ಷಗಳು ಕಳೆದಂತೆ ಕಲ್ಲಾಗುತ್ತದೆ. ಸುತ್ತಲೂ ಹೊಸ ಮಣ್ಣು, ನಡುವೆ ನೀರೇ ಹೋಗದ ಗಂಟು. ಇದಕ್ಕೆ ಒಳ್ಳೆಯ ದಾರಿ ಅಂದರೆ ಅರ್ಧರ್ಧ ಮಾಡುವುದು. ಈ ಸಲ ಒಂದು ಬದಿಯ ಮಣ್ಣನ್ನು ಬುಡದವರೆಗೂ ಬಿಡಿಸಿ, ಇನ್ನೊಂದು ಬದಿಯನ್ನು ಮುಟ್ಟಬೇಡಿ. ಮುಂದಿನ ರೀಪಾಟಿಂಗ್‌ನಲ್ಲಿ ಆ ಬದಿ. ಮರ ಯಾವತ್ತೂ ಅರ್ಧ ಬೇರಿನ ಮೇಲಾದರೂ ನಿಂತಿರುತ್ತದೆ.

ಕೂರಿಸಿ, ಕಟ್ಟಿ, ತುಂಬುವುದು

ಮರವನ್ನು ಗುಡ್ಡೆಯ ಮೇಲಿಟ್ಟು ಮೆಲ್ಲಗೆ ಒತ್ತುತ್ತಾ ಆ ಕಡೆ ಈ ಕಡೆ ತಿರುಗಿಸಿ. ತಳದ ಟೊಳ್ಳುಗಳಿಗೆ ಮಣ್ಣು ಸೇರುತ್ತದೆ. ಆಯತಾಕಾರದ ಕುಂಡದಲ್ಲಿ ನಟ್ಟನಡುವೆ ಬೇಡ. ಒಂದು ಬದಿಗೆ ಸ್ವಲ್ಪ ಸರಿಸಿ, ಮಧ್ಯದ ಗೆರೆಗಿಂತ ಕೊಂಚ ಹಿಂದಕ್ಕಿಡಿ. ನಾಲ್ಕು ಹೆಜ್ಜೆ ಹಿಂದೆ ಹೋಗಿ, ಕಣ್ಣಿನ ಮಟ್ಟದಲ್ಲಿ ನೋಡಿ. ವಾಲು ಬದಲಾಯಿಸುವುದಿದ್ದರೆ ಇದೇ ಅವಕಾಶ, ಕಟ್ಟಿದ ಮೇಲೆ ಕೈ ಹಾಕುವಂತಿಲ್ಲ.

ಈಗ ತಂತಿ. ಹೆಚ್ಚಿನವರು ಅಸಡ್ಡೆ ಮಾಡುವುದು ಇಲ್ಲೇ. ನನ್ನ ಪ್ರಕಾರ ಮಣ್ಣಿನ ಮಿಶ್ರಣದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ, ಕಟ್ಟುವುದರಲ್ಲಿ ಆಗಬಾರದು. ಹೊಸ ಬೇರಿನ ತುದಿ ಬಹಳ ಎಳಸು. ಗಾಳಿಗೆ ಮರ ಕೂದಲೆಳೆಯಷ್ಟು ಅಲುಗಿದರೂ ಅದು ಮುರಿಯುತ್ತದೆ. ಮತ್ತೆ ಬರುತ್ತದೆ, ಮತ್ತೆ ಮುರಿಯುತ್ತದೆ. ಹೊರಗಿಂದ ನೋಡಿದವರಿಗೆ ಮರ ಯಾಕೆ ಚಿಗುರುತ್ತಿಲ್ಲ ಅಂತ ತಿಳಿಯುವುದೇ ಇಲ್ಲ. ತಂತಿಯ ತುದಿಗಳನ್ನು ಗಡ್ಡೆಯ ಮೇಲೆ ದಪ್ಪ ಬೇರುಗಳ ಮೇಲಿಂದ ತಂದು, ಇಕ್ಕಳದಲ್ಲಿ ಹಿಡಿದು ಮೊದಲು ಮೇಲಕ್ಕೆ ಎಳೆಯಿರಿ, ಆಮೇಲೆ ತಿರುಚಿ. ಬರೀ ತಿರುಚುತ್ತಾ ಹೋದರೆ ತಂತಿ ತುಂಡಾಗುತ್ತದೆ, ಬಿಗಿ ಬರುವುದಿಲ್ಲ. ಕಾಣುವ ಬೇರಿಗೆ ತಂತಿ ಒತ್ತುತ್ತಿದ್ದರೆ ನಡುವೆ ರಬ್ಬರ್ ತುಂಡು ಇಡಿ. ಆಯಿತು ಅನ್ನಿಸಿದಾಗ ಬುಡ ಹಿಡಿದು ಅಲುಗಿಸಿ ನೋಡಿ. ಮರ ಅಲುಗಿದರೆ ಕುಂಡವೂ ಜೊತೆಗೆ ಅಲುಗಬೇಕು. ಅಲ್ಲಿಯವರೆಗೆ ಬಿಡಬೇಡಿ.

ಮಿಶ್ರಣ ಸುರಿದು, ಬಿದಿರು ಕಡ್ಡಿಯನ್ನು ಬೇರಿನ ನಡುವೆ ಇಳಿಸಿ ಸಣ್ಣಗೆ ವೃತ್ತಾಕಾರದಲ್ಲಿ ಆಡಿಸಿ. ಕಣಗಳು ತಾವಾಗಿ ಕೆಳಗೆ ಜಾರುತ್ತವೆ. ಈಟಿಯಂತೆ ಚುಚ್ಚಬೇಡಿ, ಬೇರೂ ಹಾಳು, ಕಣವೂ ಪುಡಿ. ಹಾಕಿದ ಮಣ್ಣು ಇಳಿಯುವುದು ನಿಂತಾಗ ಆ ಜಾಗ ತುಂಬಿದೆ ಅಂತ. ಕುಂಡದ ಬದಿಗೆ ಮುಷ್ಟಿಯಿಂದ ಮೆಲ್ಲಗೆ ಗುದ್ದಿ, ತಗ್ಗಿದ ಕಡೆ ಮತ್ತೆ ಹಾಕಿ. ಒಳಗೆ ಟೊಳ್ಳು ಉಳಿದರೆ ಅಲ್ಲಿರುವ ಬೇರು ಒಣಗುತ್ತದೆ. ಅಂಗೈಯಿಂದ ಅದುಮಿ ಗಟ್ಟಿ ಮಾಡುವ ಆಸೆ ಮಾತ್ರ ಬೇಡ. ಇಷ್ಟೆಲ್ಲ ಜರಡಿ ಹಿಡಿದದ್ದು ಆ ಸಂದುಗಳಿಗಾಗಿ ಅಲ್ವಾ? ಅಂಚಿಗಿಂತ ಅರ್ಧ ಸೆಂಟಿಮೀಟರ್ ಕೆಳಗೆ ನಿಲ್ಲಿಸಿ, ನೀರು ಹೊರಗೆ ಹರಿದುಹೋಗಬಾರದು. ಮೇಲೆ ಪುಡಿ ಮಾಡಿದ ಸ್ಫ್ಯಾಗ್ನಂ ಪಾಚಿ ತೆಳುವಾಗಿ ಹರಡಿದರೆ ಮೇಲ್ಪದರ ಬೇಗ ಒಣಗುವುದಿಲ್ಲ.

ಸಣ್ಣ ತೂತಿನ ಝಾರಿಯಲ್ಲಿ ನೀರು ಹಾಕಿ. ಮೊದಲು ಕಂದು ನೀರು ಬರುತ್ತದೆ, ಅದು ತಿಳಿಯಾಗುವ ತನಕ ನಿಲ್ಲಿಸಬೇಡಿ. ಉಳಿದ ಪುಡಿಯೆಲ್ಲ ಅದರ ಜೊತೆ ಹೋಗಲಿ.

ಆಮೇಲಿನ ವಾರಗಳು

ಎರಡರಿಂದ ನಾಲ್ಕು ವಾರ ಗಾಳಿ ಹೊಡೆತವಿಲ್ಲದ, ಬೆಳಕಿರುವ ನೆರಳಲ್ಲಿಡಿ. ಕತ್ತಲ ಕೋಣೆಯಲ್ಲಲ್ಲ, ಎಲೆಗೆ ಬೆಳಕು ಸಿಗದಿದ್ದರೆ ಬೇರು ಬೆಳೆಯಲು ಸಕ್ಕರೆ ಎಲ್ಲಿಂದ ಬರಬೇಕು? ಆಮೇಲೆ ಬೆಳಗಿನ ಬಿಸಿಲಿಗೆ, ನಂತರ ಹಳೇ ಜಾಗಕ್ಕೆ.

ನೀರಿನ ವಿಷಯದಲ್ಲಿ ಅತಿ ಪ್ರೀತಿ ಬೇಡ. ಬೇರು ಕಡಿಮೆಯಾಗಿದೆ, ಹಾಗಾಗಿ ಹೀರುವುದೂ ಕಡಿಮೆ. ಬೆರಳನ್ನು ಒಂದು ಸೆಂಟಿಮೀಟರ್ ಇಳಿಸಿ ನೋಡಿ, ಒಣಗಲು ಶುರುವಾಗಿದ್ದರೆ ತಳದಿಂದ ಹರಿಯುವಷ್ಟು ಹಾಕಿ, ಇಲ್ಲದಿದ್ದರೆ ಬಿಡಿ. ಒಣ ಹವೆಯಿದ್ದರೆ ಎಲೆಗೆ ನೀರು ಸಿಂಪಡಿಸಿ. ಅರ್ಧ ಬೇರು ಕಳೆದುಕೊಂಡ ಫೈಕಸ್‌ಗೆ ಪಾರದರ್ಶಕ ಪ್ಲಾಸ್ಟಿಕ್ ಮುಸುಕು ಹಾಕಬಹುದು, ಆದರೆ ನೇರ ಬಿಸಿಲಿಗೆ ಇಡಬೇಡಿ, ಬೆಂದುಹೋಗುತ್ತದೆ.

ಗೊಬ್ಬರ ನಾಲ್ಕರಿಂದ ಆರು ವಾರ ಬೇಡ. ಹೊಸ ಚಿಗುರು ಗಟ್ಟಿಯಾದ ಮೇಲೆ ಅರ್ಧ ಪ್ರಮಾಣದಲ್ಲಿ ಶುರು ಮಾಡಿ. ವಿಟಮಿನ್ ಬಿ1 ದ್ರಾವಣ ಹಾಕಿದರೆ ಬೇರು ಬೇಗ ಬರುತ್ತದೆ ಅನ್ನುವ ಮಾತು ಬಹಳ ಹಳೆಯದು. ಮರಕ್ಕೆ ಅದರಿಂದ ಲಾಭವಿಲ್ಲ, ದುಡ್ಡು ಉಳಿಸಿ.

ಬೇರು ಕತ್ತರಿಸಿದಷ್ಟು ಮೇಲೂ ಕತ್ತರಿಸಿ ಸಮ ಮಾಡಬೇಕು ಅಂತ ಕೆಲವರು ಹೇಳುತ್ತಾರೆ. ಸರಿಯಾದ ಋತುವಿನಲ್ಲಿ, ಮಿತಿಯಲ್ಲಿ ಕತ್ತರಿಸಿದ್ದರೆ ಅದು ಬೇಕಿಲ್ಲ. ಬೇರು ಬರುವಂತೆ ಮಾಡುವ ಹಾರ್ಮೋನ್ ಕೊಂಬೆಯ ತುದಿಗಳಿಂದ ಕೆಳಗಿಳಿಯುತ್ತದೆ, ಆಹಾರ ಎಲೆಯಿಂದ ಬರುತ್ತದೆ. ಎರಡನ್ನೂ ಕತ್ತರಿಸಿ ಬೇರು ಬಾ ಅಂದರೆ ಹೇಗೆ ಬರುತ್ತದೆ? ಜೂನಿಪರ್‌ನ ಹಸಿರನ್ನಂತೂ ಮುಟ್ಟಲೇಬೇಡಿ. ಎಲೆ ಬಿಟ್ಟ ಫೈಕಸ್‌ನ ಅರ್ಧ ಬೇರು ತೆಗೆದಿದ್ದರೆ ಮಾತ್ರ ಒಂದಷ್ಟು ದೊಡ್ಡ ಎಲೆ ತೆಗೆಯಬಹುದು. ಕೊಂಬೆಗೆ ತಂತಿ ಸುತ್ತುವ, ಆಕಾರ ಕೊಡುವ ಕೆಲಸ ಮುಂದೆ ನೋಡೋಣ.

ಚೇತರಿಕೆಯ ಗುರುತು ಹೊಸ ಚಿಗುರು. ಎಲೆ ಹಸಿರಾಗಿದೆ ಅಂದ ಮಾತ್ರಕ್ಕೆ ನಂಬಬೇಡಿ. ಜೂನಿಪರ್‌ನ ಬೇರು ಸತ್ತು ವಾರಗಳಾದರೂ ಮೇಲೆ ಹಸಿರು ಹಾಗೇ ಇರುತ್ತದೆ. ತುದಿಯಲ್ಲಿ ತಿಳಿ ಹಸಿರಿನ ಹೊಸ ಬೆಳವಣಿಗೆ ಕಂಡರೆ ಬೇರು ಕೆಲಸ ಶುರು ಮಾಡಿದೆ ಅಂತ ಲೆಕ್ಕ. ಕಟ್ಟು ತಂತಿಯನ್ನು ಬೆಳೆಯುವ ಒಂದು ಋತು ಪೂರ್ತಿ ಬಿಡಿ, ಬೇರಿಗೆ ಕಚ್ಚುತ್ತಿದೆಯಾ ಅಂತ ಆಗಾಗ ನೋಡಿ.

ನಿಯಮಕ್ಕೆ ಸಿಗದವು

ಜೇಡ್ ಥರದ ನೀರು ತುಂಬಿದ ಗಿಡಗಳಿಗೆ ಮೇಲಿನ ಅರ್ಧ ಮಾತು ಉಲ್ಟಾ. ಬೇರು ಕತ್ತರಿಸಿದ ಮೇಲೆ ಒಣ ಮಿಶ್ರಣದಲ್ಲೇ ಕೂರಿಸಿ, ಒಂದು ವಾರ ನೀರು ಹಾಕಬೇಡಿ. ಕೊಯ್ದ ಗಾಯ ಒಣಗಿ ಮುಚ್ಚಿಕೊಳ್ಳಬೇಕು, ಹಸಿ ಗಾಯಕ್ಕೆ ನೀರು ತಾಗಿದರೆ ಕೊಳೆಯುತ್ತದೆ. ಎಲೆ ಸ್ವಲ್ಪ ಸುಕ್ಕಾದರೂ ಹೆದರಬೇಡಿ.

ಉಡುಗೊರೆ ಬಂದ ಬೋನ್ಸಾಯ್‌ಗಳಲ್ಲಿ ಮೇಲೆ ಕಲ್ಲುಗಳನ್ನು ಅಂಟು ಹಾಕಿ ಕೂರಿಸಿರುತ್ತಾರೆ. ಸಾಗಿಸುವಾಗ ಮಣ್ಣು ಚೆಲ್ಲಬಾರದು ಅಂತ. ಆ ಪದರ ನೀರನ್ನೂ ಗಾಳಿಯನ್ನೂ ತಡೆಯುತ್ತದೆ. ರೀಪಾಟಿಂಗ್ ಋತು ದೂರವಿದ್ದರೂ ಅದನ್ನು ಇವತ್ತೇ ಇಕ್ಕಳದಿಂದ ಒಡೆದು ತೆಗೆಯಿರಿ. ಕುಂಡದ ತಳದಲ್ಲಿ ತೂತು ಇದೆಯಾ ಅಂತಲೂ ನೋಡಿ.

ಬೇರು ಕೊಳೆತಿದ್ದರೆ ಋತು ಕಾಯುವಂತಿಲ್ಲ. ಕುಂಡದಿಂದ ಹುಳಿ ವಾಸನೆ, ಮಣ್ಣು ಸದಾ ಒದ್ದೆ, ಬೇರು ಕಪ್ಪಾಗಿ ಹಿಡಿದರೆ ಸಿಪ್ಪೆ ಕಳಚಿ ನಾರು ಮಾತ್ರ ಕೈಗೆ ಬರುತ್ತದೆ ಅಂದರೆ ಕೂಡಲೇ ಬಿಡಿಸಿ. ಕೊಳೆತದ್ದನ್ನೆಲ್ಲ ಗಟ್ಟಿ ಭಾಗ ಸಿಗುವ ತನಕ ಕತ್ತರಿಸಿ, ಆರೋಗ್ಯದ ಬೇರನ್ನು ಒಂದೂ ಮುಟ್ಟದೆ, ಪ್ಯೂಮಿಸ್ ಜಾಸ್ತಿ ಇರುವ ಮಿಶ್ರಣಕ್ಕೆ ಹಾಕಿ. ಹಳೇ ಮಣ್ಣನ್ನು ಇನ್ನೊಂದು ಗಿಡಕ್ಕೆ ಬಳಸಬೇಡಿ.

ಕುಂಡ ಬಿದ್ದು ಒಡೆದರೆ? ತಪ್ಪು ಋತುವಾದರೆ ಬೇರು ಬಿಡಿಸಲು ಹೋಗಬೇಡಿ. ಗಡ್ಡೆಯನ್ನು ಇದ್ದಂತೆಯೇ ಸ್ವಲ್ಪ ದೊಡ್ಡ ಕುಂಡಕ್ಕೆ ಇಳಿಸಿ, ಸುತ್ತಲಿನ ಜಾಗಕ್ಕೆ ಮಿಶ್ರಣ ತುಂಬಿ, ಗಟ್ಟಿಯಾಗಿ ಕಟ್ಟಿ, ನೀರು ಹಾಕಿ. ಪ್ಲಾಸ್ಟಿಕ್ ಬುಟ್ಟಿಯಾದರೂ ಸರಿ. ಬೇರಿನ ಕೆಲಸವನ್ನು ಆ ಮರದ ಋತು ಬಂದಾಗ ಮಾಡಿದರಾಯಿತು.